ವರ್ಗಮೂಲದ ಮೇಲ್ಗೆರೆ ಪರದೆಯ ಮೇಲೆ ಏಕೆ ಮುರಿದಂತೆ ಕಾಣುತ್ತದೆ

ಗಣಿತದ ಪುಟ ಜೋಡಿಸುವ ಲೇಟೆಕ್ ತಂತ್ರಾಂಶದಲ್ಲಿ ತಯಾರಾದ ಒಂದು ಪಿಡಿಎಫ್ ತೆರೆದು, 100% ಝೂಮ್‌ನಲ್ಲಿ √ ಚಿಹ್ನೆಯನ್ನು ಹತ್ತಿರದಿಂದ ನೋಡಿ. ಓರೆಯಾಗಿ ಏರುವ ಕೊಕ್ಕೆ ಮುಗಿದು ಅಡ್ಡಗೆರೆ ಶುರುವಾಗುವ ಮೂಲೆಯಲ್ಲಿ ಬಹಳ ಸಲ ಸಣ್ಣದೊಂದು ಮೆಟ್ಟಿಲು ಕಾಣುತ್ತದೆ. ಗೆರೆ ಕೊಕ್ಕೆಗಿಂತ ಕೂದಲೆಳೆಯಷ್ಟು ಮೇಲಿರುತ್ತದೆ, ಇಲ್ಲವೇ ಕೆಳಗಿರುತ್ತದೆ, ಇಲ್ಲವೇ ಮಸುಕಾಗಿರುತ್ತದೆ. ಅದೇ ಪುಟದಲ್ಲಿ ನಾಲ್ಕು ಸಾಲು ಕೆಳಗಿರುವ ಇನ್ನೊಂದು ವರ್ಗಮೂಲ ಮಾತ್ರ ಅಚ್ಚುಕಟ್ಟಾಗಿದೆ. ಝೂಮ್ 110ಕ್ಕೆ ಏರಿಸಿದರೆ ಕೆಟ್ಟದ್ದು ನೆಟ್ಟಗಾಗಿ, ನೆಟ್ಟಗಿದ್ದದ್ದು ಕೆಡುತ್ತದೆ.

ಇದನ್ನು ಕಂಡ ಕೂಡಲೇ ಮೂಲ ಕಡತಕ್ಕೆ ಕೈ ಹಾಕುವವರೇ ಹೆಚ್ಚು. ಫಾಂಟ್ ಬದಲಿಸುತ್ತಾರೆ, ಗೆರೆ ದಪ್ಪ ಮಾಡುತ್ತಾರೆ, ಚಿಹ್ನೆಯ ಪಕ್ಕ ಒಂದು ಚೂರು ಜಾಗ ತುರುಕುತ್ತಾರೆ. ಪರದೆಯ ಮೇಲೆ ಆ ಒಂದು ಜಾಗ ಸರಿಹೋಗಬಹುದು, ಆದರೆ ಅಚ್ಚಿಗೆ ಹೋದಾಗ ಅದೇ ಸಮೀಕರಣ ಸೊಟ್ಟಗಾಗಿ ಬರುತ್ತದೆ. ಕಡತಕ್ಕೆ ಕೈ ಹಾಕುವ ಮೊದಲು ದೋಷ ಕಡತದಲ್ಲಿದೆಯೋ ಪರದೆಯಲ್ಲಿದೆಯೋ ಎಂದು ತೀರ್ಮಾನವಾಗಬೇಕು. ಎರಡನ್ನೂ ಬೇರ್ಪಡಿಸುವುದು ಕಷ್ಟವಲ್ಲ, ಹತ್ತು ನಿಮಿಷದ ಕೆಲಸ.

ಮೊದಲು ಈ ಚಿಹ್ನೆ ಹೇಗೆ ಕಟ್ಟಲ್ಪಟ್ಟಿದೆ ಎಂದು ನೋಡೋಣ. √ ಒಂದೇ ಚಿಹ್ನೆಯಂತೆ ಕಂಡರೂ ಟೆಕ್‌ಗೆ, ಅಂದರೆ ಲೇಟೆಕ್‌ನ ತಳದಲ್ಲಿರುವ ಮೂಲ ತಂತ್ರಾಂಶಕ್ಕೆ, ಅದು ಎರಡು ತುಂಡು. ಕೊಕ್ಕೆ ಫಾಂಟ್‌ನಿಂದ ಬರುವ ಅಕ್ಷರ. ಮೇಲ್ಗೆರೆ ಫಾಂಟ್‌ಗೆ ಸೇರಿದ್ದೇ ಅಲ್ಲ, ಒಳಗಿನ ಪದದ ಅಗಲ ನೋಡಿ ಟೆಕ್ ತಾನೇ ಎಳೆಯುವ ಗೆರೆ. ಕಂಪ್ಯೂಟರ್ ಮಾಡರ್ನ್ ಕುಟುಂಬದ ಸಿಎಂಎಸ್‌ವೈ10 ಫಾಂಟ್‌ನಲ್ಲಿ ಈ ಕೊಕ್ಕೆ ಅಕ್ಷರ ವಿಚಿತ್ರವಾಗಿ ಕೂತಿದೆ: ಉಳಿದ ಅಕ್ಷರಗಳಂತೆ ಅಡಿಗೆರೆಯ ಮೇಲೆ ನಿಲ್ಲುವ ಬದಲು ಅದರಿಂದ ಕೆಳಕ್ಕೆ ನೇತಾಡುತ್ತದೆ. ಅಡಿಗೆರೆಯ ಮೇಲೆ 0.4 ಪಾಯಿಂಟ್, ಕೆಳಗೆ 9.6 ಪಾಯಿಂಟ್. ಹಾಗೆ ಇಟ್ಟಿರುವುದಕ್ಕೆ ಕಾರಣವಿದೆ. ಆ ಅಕ್ಷರದ ಎತ್ತರ ಎಷ್ಟೋ ಮೇಲ್ಗೆರೆಯ ದಪ್ಪವೂ ಅಷ್ಟೇ ಎಂದು ಟೆಕ್ ಓದಿಕೊಳ್ಳುತ್ತದೆ. ಹೀಗಾಗಿ ಲೆಕ್ಕದಲ್ಲಿ ಕೊಕ್ಕೆಯ ತುದಿ ಮತ್ತು ಗೆರೆ ಒಂದೇ ಮಟ್ಟದಲ್ಲಿ, ಒಂದೇ ದಪ್ಪದಲ್ಲಿ ಸೇರುತ್ತವೆ. ಕಡತದೊಳಗೆ ಸಂದು ಇಲ್ಲ.

ಡೊನಾಲ್ಡ್ ಕ್ನೂತ್ 1970ರ ದಶಕದ ಕೊನೆಯಲ್ಲಿ ಟೆಕ್ ಬರೆದಾಗ ಅವರ ಕಣ್ಣ ಮುಂದೆ ಇದ್ದದ್ದು ಅಚ್ಚು. ಇಂಚಿಗೆ 5000ಕ್ಕೂ ಹೆಚ್ಚು ಚುಕ್ಕೆ ಇಡಬಲ್ಲ ಫೋಟೊ ಅಚ್ಚುಮೊಳೆ ಯಂತ್ರದಲ್ಲಿ 0.4 ಪಾಯಿಂಟ್‌ನ ಗೆರೆಗೆ 27ಕ್ಕಿಂತ ಹೆಚ್ಚು ಚುಕ್ಕೆ ಸಿಗುತ್ತದೆ. ಅಲ್ಲಿ ಒಂದು ಚುಕ್ಕೆ ಆಚೀಚೆಯಾದರೂ ಕಣ್ಣಿಗೆ ತಿಳಿಯದು. ಈಗಿನ ಸಾಮಾನ್ಯ 600 ಚುಕ್ಕೆಯ ಲೇಸರ್ ಪ್ರಿಂಟರ್‌ನಲ್ಲಿ ಅದೇ ಗೆರೆಗೆ 3.3 ಚುಕ್ಕೆ. ಪರದೆಯ ಲೆಕ್ಕ ಹಾಕಿ: ಟೆಕ್‌ನಲ್ಲಿ ಇಂಚಿಗೆ 72.27 ಪಾಯಿಂಟ್, ವಿಂಡೋಸ್ ಪರದೆಯಲ್ಲಿ ಇಂಚಿಗೆ 96 ಪಿಕ್ಸೆಲ್ ಎಂದು ಎಣಿಕೆ. 0.4ನ್ನು 72.27ರಿಂದ ಭಾಗಿಸಿ 96ರಿಂದ ಗುಣಿಸಿದರೆ 0.53 ಪಿಕ್ಸೆಲ್. ಪರದೆ ತೋರಿಸಬಲ್ಲ ಅತಿ ಸಣ್ಣ ಚೌಕದ ಅರ್ಧಭಾಗ! ಡಿಸ್‌ಪ್ಲೇ ಸ್ಕೇಲಿಂಗ್ 125% ಇಟ್ಟರೆ 0.66, 150%ಗೆ 0.80. 200% ಸ್ಕೇಲಿಂಗ್‌ನ ದಟ್ಟ ಪರದೆಯಲ್ಲಷ್ಟೇ 1.06, ಅಂದರೆ ಒಂದು ಪೂರ್ತಿ ಪಿಕ್ಸೆಲ್. ಭಿನ್ನರಾಶಿಯ ಗೆರೆಯೂ ಇದೇ 0.4 ಪಾಯಿಂಟ್, ಅದರ ಪಾಡೂ ಇದೇ.

ಅರ್ಧ ಪಿಕ್ಸೆಲ್ ಬರೆಯಲು ಬಾರದು, ಆದ್ದರಿಂದ ಪಿಡಿಎಫ್ ತೋರಿಸುವ ತಂತ್ರಾಂಶ, ಅಂದರೆ ವೀಕ್ಷಕ, ಏನಾದರೊಂದು ರಾಜಿ ಮಾಡಿಕೊಳ್ಳಬೇಕು. ತೊಡಕು ಹುಟ್ಟುವುದು ಇಲ್ಲಿ: ಕೊಕ್ಕೆಗೂ ಗೆರೆಗೂ ಅದು ಬೇರೆ ಬೇರೆ ರಾಜಿ ಮಾಡಿಕೊಳ್ಳುತ್ತದೆ. ಕೊಕ್ಕೆ ಅಕ್ಷರವಾದ್ದರಿಂದ ಅಕ್ಷರ ಬಿಡಿಸುವ ಭಾಗಕ್ಕೆ ಹೋಗುತ್ತದೆ. ಆ ಭಾಗ ಫಾಂಟ್‌ನೊಳಗಿನ ಹಿಂಟ್‌ಗಳನ್ನು, ಅಂದರೆ ಈ ಅಡ್ಡಪಟ್ಟಿಯನ್ನು ಪಿಕ್ಸೆಲ್ ಸಾಲಿಗೆ ಸರಿಯಾಗಿ ಕೂರಿಸು ಎಂಬಂಥ ಸೂಚನೆಗಳನ್ನು, ಪಾಲಿಸಬಹುದು, ಬಿಡಬಹುದು. ಅಂಚಿಗೆ ಬೂದು ಬಣ್ಣ ಹಚ್ಚಿ ನಯ ಮಾಡಬಹುದು. ವಿಂಡೋಸ್‌ನ ಕ್ಲಿಯರ್‌ಟೈಪ್ ಬಳಸಿದರೆ ಅಂಚಿಗೆ ಕೆಂಪು-ನೀಲಿ ಛಾಯೆಯೂ ಬರುತ್ತದೆ. ಮೇಲ್ಗೆರೆ ಚಿತ್ರ ಬಿಡಿಸುವ ಭಾಗಕ್ಕೆ ಹೋಗುತ್ತದೆ. ಅದಕ್ಕೆ ಹಿಂಟ್ ಗೊತ್ತಿಲ್ಲ. ನೇರವಾಗಿ ಪಿಡಿಎಫ್ ಕೊಡುವ ಟೆಕ್ ಆದ ಪಿಡಿಎಫ್‌ಟೆಕ್ ತಯಾರಿಸಿದ ಕಡತವನ್ನು ಕ್ಯೂಪಿಡಿಎಫ್ ಉಪಕರಣದಿಂದ ಬಿಚ್ಚಿ, ಪಠ್ಯ ಸಂಪಾದಕದಲ್ಲಿ ತೆರೆದರೆ ಈ ಗೆರೆಯನ್ನು ಕಣ್ಣಾರೆ ಕಾಣಬಹುದು: ದಪ್ಪ 0.398, ಒಂದು ಬಿಂದುವಿನಿಂದ ಇನ್ನೊಂದಕ್ಕೆ ಎಳೆ, ಅಷ್ಟೇ. ಪಿಡಿಎಫ್‌ನ ಪಾಯಿಂಟ್ ಇಂಚಿಗೆ 72 ಆದ್ದರಿಂದ 0.4 ಅಲ್ಲಿ 0.398 ಆಗುತ್ತದೆ.

ಪಿಕ್ಸೆಲ್ ಸಾಲುಗಳಿಗೆ ಮೇಲಿನಿಂದ ಕೆಳಕ್ಕೆ ಅಂಕಿ ಕೊಟ್ಟು ನೋಡೋಣ. ಗೆರೆ 10.10ರಿಂದ 10.63ರವರೆಗೆ ಬಿದ್ದರೆ ಅದು 10ನೇ ಸಾಲಿನೊಳಗೇ ಇದೆ, 53% ಕಪ್ಪಾಗಿ ಒಂದೇ ಸಾಲಾಗಿ ಕಾಣುತ್ತದೆ. ಅದೇ ಗೆರೆ 10.70ರಿಂದ 11.23ರವರೆಗೆ ಬಿದ್ದರೆ 10ನೇ ಸಾಲಿಗೆ 30%, 11ನೇ ಸಾಲಿಗೆ 23% ಕಪ್ಪು ಹಂಚಿಹೋಗಿ, ಎರಡು ಸಾಲಿನ ತೆಳು ಬೂದು ಪಟ್ಟಿಯಾಗುತ್ತದೆ. ಪಕ್ಕದ ಕೊಕ್ಕೆಯ ತುದಿಯನ್ನು ಹಿಂಟ್ 10ನೇ ಸಾಲಿಗೆ ಕೂರಿಸಿ ಪೂರ್ತಿ ಕಪ್ಪು ಮಾಡಿದ್ದರೆ ಏನಾಗುತ್ತದೆ? ಕಪ್ಪು ಕೊಕ್ಕೆಯ ಪಕ್ಕ ಮಸುಕಾದ, ಅರ್ಧ ಸಾಲು ಇಳಿದ ಗೆರೆ. ನೀವು ಕಂಡ ಮೆಟ್ಟಿಲು ಇದೇ. ಪುಟದಲ್ಲಿ ಸಮೀಕರಣ ಎಲ್ಲಿ ಕೂತಿದೆ ಎಂಬುದರ ಮೇಲೆ ಈ ದಶಮಾಂಶ ಬದಲಾಗುವುದರಿಂದ ಒಂದು ವರ್ಗಮೂಲ ಸರಿಯಾಗಿಯೂ ಇನ್ನೊಂದು ಮುರಿದಂತೆಯೂ ಕಾಣುತ್ತದೆ.

ಸಮ ಚಿಹ್ನೆಗೂ ಇದೇ ಗತಿ. = ಚಿಹ್ನೆಯ ಮೇಲಿನ ಪಟ್ಟಿ ಒಂದೇ ಸಾಲಿಗೆ ಬಿದ್ದು ಗಾಢವಾಗಿದೆ, ಕೆಳಗಿನದು ಎರಡು ಸಾಲಿಗೆ ಹಂಚಿಹೋಗಿ ತೆಳುವಾಗಿದೆ. ಓದುಗರಿಗೆ ಅದು ಕಳೆಯುವ ಚಿಹ್ನೆಯಂತೆ ಕಂಡರೂ ಆಶ್ಚರ್ಯವಿಲ್ಲ. ಇದು ಇಡೀ ಅಕ್ಷರವೇ ಆದ್ದರಿಂದ ಹಿಂಟ್ ಪಾಲಿಸುವ ವೀಕ್ಷಕದಲ್ಲಿ ತಕರಾರು ಕಡಿಮೆ, ಹಿಂಟ್ ಬಿಡುವ ವೀಕ್ಷಕದಲ್ಲಿ ಹೆಚ್ಚು.

ಈಗ ಪರೀಕ್ಷೆ. ಮೊದಲು 800% ಝೂಮ್ ಮಾಡಿ. ಗೆರೆಗೆ ಈಗ 4.25 ಪಿಕ್ಸೆಲ್ ಸಿಗುತ್ತದೆ. ದೋಷ ಪರದೆಯದ್ದಾದರೆ ಮೆಟ್ಟಿಲು ಗೆರೆಯ ದಪ್ಪದ ಸಣ್ಣ ಪಾಲಾಗಿ ಕುಗ್ಗುತ್ತದೆ ಇಲ್ಲವೇ ಮಾಯವಾಗುತ್ತದೆ. ಕಡತದ್ದಾದರೆ ಗೆರೆಯ ಜೊತೆಗೆ ಮೆಟ್ಟಿಲೂ ಎಂಟು ಪಟ್ಟು ಬೆಳೆಯುತ್ತದೆ. ನನ್ನ ಮಟ್ಟಿಗೆ ಈ ಒಂದು ಪರೀಕ್ಷೆಯೇ ಬಹುತೇಕ ಸಾಕು. ಅನುಮಾನ ಉಳಿದರೆ ಪಾಪ್ಲರ್ ಎಂಬ ಪಿಡಿಎಫ್ ಎಂಜಿನ್ (ಪುಟವನ್ನು ಪಿಕ್ಸೆಲ್‌ಗಳಾಗಿ ಬಿಡಿಸುವ ಒಳಭಾಗ) ಜೊತೆ ಬರುವ ‘ಪಿಡಿಎಫ್‌ಟುಪಿಪಿಎಂ’ ಆದೇಶಕ್ಕೆ 600 ರೆಸಲ್ಯೂಷನ್ ಕೊಟ್ಟು ಆ ಪುಟವನ್ನು ಪಿಎನ್‌ಜಿ ಚಿತ್ರವಾಗಿಸಿ, ದೊಡ್ಡದು ಮಾಡಿ ನೋಡಿ. ಪ್ರಿಂಟರ್‌ನಲ್ಲಿ ಏನು ಬರುತ್ತದೋ ಸರಿಸುಮಾರು ಅದೇ ಕಾಣುತ್ತದೆ. ಕೊನೆಯದಾಗಿ ಬೇರೆ ಎಂಜಿನ್ ಇರುವ ವೀಕ್ಷಕದಲ್ಲಿ ತೆರೆಯಿರಿ. ಬೇರೆ ಹೆಸರಿದ್ದರೆ ಬೇರೆ ಎಂಜಿನ್ ಎಂದೇನೂ ಇಲ್ಲ. ಎವಿನ್ಸ್ ಮತ್ತು ಓಕ್ಯುಲರ್ ಎರಡೂ ಪಾಪ್ಲರ್ ಮೇಲೆ ನಿಂತಿವೆ. ಸುಮಾತ್ರಾ ಎಂಬುದು ಎಂಯುಪಿಡಿಎಫ್ ಮೇಲೆ, ಕ್ರೋಮ್ ಪಿಡಿಎಫಿಯಂ ಮೇಲೆ, ಫೈರ್‌ಫಾಕ್ಸ್ ತನ್ನದೇ ಜಾವಾಸ್ಕ್ರಿಪ್ಟ್ ವೀಕ್ಷಕದ ಮೇಲೆ. ಬೇರೆ ಬೇರೆ ಎಂಜಿನ್‌ಗಳಲ್ಲಿ ಒಂದೇ ಜಾಗದಲ್ಲಿ ಒಂದೇ ರೀತಿ ಮುರಿದಿದ್ದರೆ ಆಗ ಕಡತವನ್ನು ಅನುಮಾನಿಸಿ.

ಪರದೆಯ ದೋಷ ಎಂದು ಖಚಿತವಾದ ಮೇಲೆ ವೀಕ್ಷಕದ ಸೆಟ್ಟಿಂಗ್ ನೋಡಬಹುದು. ಅಡೋಬಿ ರೀಡರ್‌ನ ಪ್ರಿಫರೆನ್ಸಸ್‌ನಲ್ಲಿ ಪೇಜ್ ಡಿಸ್‌ಪ್ಲೇ ಎಂಬ ವಿಭಾಗವಿದೆ. ಅದರೊಳಗೆ ‘ಎನ್‌ಹ್ಯಾನ್ಸ್ ಥಿನ್ ಲೈನ್ಸ್’ ಎಂಬ ಗುರುತು. ಇದು ತೆಳು ಗೆರೆಗಳನ್ನು ಮಾಯವಾಗದಂತೆ ಪೂರ್ತಿ ಪಿಕ್ಸೆಲ್‌ಗೆ ಏರಿಸುತ್ತದೆ. ಉದ್ದೇಶ ಒಳ್ಳೆಯದೇ, ಎಂಜಿನಿಯರಿಂಗ್ ನಕ್ಷೆಗೆ ಬೇಕಾದದ್ದೇ. ಆದರೆ ಗಣಿತದ ಪುಟದಲ್ಲಿ 0.53 ಪಿಕ್ಸೆಲ್‌ನ ಗೆರೆ 1 ಪಿಕ್ಸೆಲ್ ಆಗುತ್ತದೆ, ಪಕ್ಕದ ಕೊಕ್ಕೆ ಆಗುವುದಿಲ್ಲ. ಭಿನ್ನರಾಶಿಯ ಗೆರೆ ಅಕ್ಷರಗಳಿಗಿಂತ ಕಪ್ಪಾಗಿ, ದಪ್ಪವಾಗಿ ಎದ್ದು ಕಾಣುತ್ತದೆ. ಗಣಿತ ಓದುವಾಗ ಈ ಗುರುತು ತೆಗೆದಿಡುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಅಲ್ಲೇ ಇರುವ ‘ಸ್ಮೂತ್ ಲೈನ್ ಆರ್ಟ್’ ಮಾತ್ರ ಹಾಕಿಯೇ ಇರಲಿ. ಓಕ್ಯುಲರ್‌ನಲ್ಲಿ ಪಿಡಿಎಫ್ ಬ್ಯಾಕೆಂಡ್ ಸೆಟ್ಟಿಂಗ್ ತೆರೆದರೆ ‘ಎನ್‌ಹ್ಯಾನ್ಸ್ ಥಿನ್ ಲೈನ್ಸ್’ ಆಯ್ಕೆಗೆ ಬೇಡ, ಸಾಲಿಡ್, ಶೇಪ್ ಎಂಬ ಮೂರು ಬಗೆ ಇವೆ. ಮೂರನ್ನೂ ಒಂದೊಂದು ಸಲ ಹಾಕಿ ಅದೇ √ ನೋಡಿದರೆ ಮೇಲೆ ಹೇಳಿದ ಲೆಕ್ಕವೆಲ್ಲ ಕಣ್ಣಿಗೆ ಕಟ್ಟುತ್ತದೆ.

ತರಗತಿಯಲ್ಲಿ ಪ್ರೊಜೆಕ್ಟರ್‌ಗೆ ಹಾಕುವವರಿಗೆ ಒಂದು ಸಮಾಧಾನವಿದೆ. ಲೇಟೆಕ್‌ನಲ್ಲಿ ಸ್ಲೈಡ್ ಮಾಡುವ ಬೀಮರ್‌ನ ರೂಢಿಯ ಸ್ಲೈಡ್ ಅಳತೆ 128 ಮಿ.ಮೀ. ಅಗಲ, 96 ಮಿ.ಮೀ. ಎತ್ತರ. ಇದನ್ನು 1080 ಸಾಲಿನ ಪರದೆಗೆ ತುಂಬಿಸಿದಾಗ ಇಂಚಿಗೆ ಸುಮಾರು 286 ಪಿಕ್ಸೆಲ್ ಆಗಿ 0.4 ಪಾಯಿಂಟ್‌ಗೆ 1.6 ಪಿಕ್ಸೆಲ್ ಸಿಗುತ್ತದೆ. 768 ಸಾಲಿನ ಹಳೆಯ ಪ್ರೊಜೆಕ್ಟರ್‌ನಲ್ಲೂ 1.1 ಪಿಕ್ಸೆಲ್ ಇದೆ. ಗೆರೆ ಮಾಯವಾಗದು. ಎ4 ಪುಟದ ಪಿಡಿಎಫನ್ನೇ ಹಾಗೆಯೇ ಗೋಡೆಗೆ ಹಾಕಿದರೆ ಈ ಅನುಕೂಲ ಸಿಗುವುದಿಲ್ಲ.

ಕಡತದ್ದೇ ತಪ್ಪು ಇರುವ ಸಂದರ್ಭಗಳು

800% ಝೂಮ್‌ನಲ್ಲೂ ಮೆಟ್ಟಿಲು ಬೆಳೆದು ನಿಂತಿದ್ದರೆ ಕಡತ ತಯಾರಾದ ದಾರಿಯನ್ನು ವಿಚಾರಿಸಿ. ಟೆಕ್ ಕೊಡುವ ಡಿವಿಐ ಕಡತದಿಂದ ಡಿವಿಪಿಎಸ್ ಎಂಬ ಪರಿವರ್ತಕದ ಮೂಲಕ ಪೋಸ್ಟ್‌ಸ್ಕ್ರಿಪ್ಟ್, ಅಲ್ಲಿಂದ ಪಿಡಿಎಫ್ ಎಂಬ ಹಳೆಯ ದಾರಿಯಲ್ಲಿ ಡಿವಿಪಿಎಸ್ ಪ್ರತಿ ತುಂಡಿನ ಜಾಗವನ್ನೂ ತನಗೆ ಹೇಳಿದ ರೆಸಲ್ಯೂಷನ್‌ಗೆ ಸರಿಹೊಂದಿಸಿ ದುಂಡಗೆ ಮಾಡುತ್ತದೆ. 600 ಎಂದು ಹೇಳಿದ್ದರೆ ಒಂದು ಹೆಜ್ಜೆ 0.12 ಪಾಯಿಂಟ್. 0.4 ಪಾಯಿಂಟ್ ದಪ್ಪದ ಗೆರೆಗೆ ಅದು ಮೂರನೇ ಒಂದರಷ್ಟು. ಈ ಸರಿಸುವಿಕೆ ಕಡತದಲ್ಲೇ ಅಚ್ಚಾಗಿ ಉಳಿಯುವುದರಿಂದ ಎಷ್ಟು ಝೂಮ್ ಮಾಡಿದರೂ ಹೋಗದು. ಡಿವಿಪಿಎಸ್‌ಗೆ ಪಿಡಿಎಫ್ ಸಂರಚನೆಯನ್ನು ಬಳಸು ಎಂದು ದೊಡ್ಡಕ್ಷರ ಪಿ ಆಯ್ಕೆಯಲ್ಲಿ ಹೇಳಿದರೆ ರೆಸಲ್ಯೂಷನ್ 8000ಕ್ಕೆ ಏರಿ ಹೆಜ್ಜೆ 0.009 ಪಾಯಿಂಟ್‌ಗೆ ಇಳಿಯುತ್ತದೆ. ನೇರವಾಗಿ ಪಿಡಿಎಫ್‌ಲೇಟೆಕ್ ಬಳಸಿದರೆ ಈ ತಲೆನೋವೇ ಇಲ್ಲ.

ಆದರೆ ಆ ಪಿಡಿಎಫ್ ಸಂರಚನೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಕಂಪ್ಯೂಟರ್ ಮಾಡರ್ನ್‌ನ ಚಿಹ್ನೆಗಳ ಫಾಂಟ್‌ನಲ್ಲಿ ಕಳೆಯುವ ಚಿಹ್ನೆ ಕೂತಿರುವುದು 0ನೇ ಸ್ಥಾನದಲ್ಲಿ. ಮೊದಲ ಕೆಲವು ಸ್ಥಾನಗಳನ್ನು ನಿಯಂತ್ರಣ ಸಂಕೇತಗಳೆಂದು ತಿಳಿದು ತೋರಿಸದೇ ಬಿಡುವ ತಂತ್ರಾಂಶಗಳು ಹಿಂದೆ ಇದ್ದವು, ಅವುಗಳಲ್ಲಿ − ಮಾಯವಾಗಿ ಸಮೀಕರಣದ ಅರ್ಥವೇ ತಿರುಗುತ್ತಿತ್ತು. ಅದಕ್ಕೆ ಪರಿಹಾರವಾಗಿ ಕೆಳಗಿನ ಸ್ಥಾನದ ಅಕ್ಷರಗಳನ್ನು ಮೇಲಿನ ಸ್ಥಾನಗಳಿಗೆ ಸಾಗಿಸುವ ವ್ಯವಸ್ಥೆ ಮಾಡಿದರು. ಮೇಲಿನ ಸ್ಥಾನದಲ್ಲಿ ನಕಲು ಇಟ್ಟುಕೊಂಡ ಫಾಂಟ್‌ಗೆ ಇದು ಸರಿ, ಇಟ್ಟುಕೊಳ್ಳದ ಫಾಂಟ್‌ಗೆ ಸಾಗಿಸಿದ ಜಾಗದಲ್ಲಿ ಬೇರೆ ಅಕ್ಷರ ಕೂತಿರುತ್ತದೆ. ಇಂಗ್ಲಿಷ್ ಪದದಲ್ಲಿ ಎಫ್ ಮತ್ತು ಐ ಕೂಡಿದ ಜಾಗದಲ್ಲಿ ಇದ್ದಕ್ಕಿದ್ದಂತೆ £ ಕಂಡರೆ ಕಾರಣ ಇದು. ದೊಡ್ಡಕ್ಷರ ಜಿ ಆಯ್ಕೆಗೆ 0 ಕೊಟ್ಟರೆ ಸಾಗಾಟ ನಿಲ್ಲುತ್ತದೆ, 8000ದ ರೆಸಲ್ಯೂಷನ್ ಉಳಿಯುತ್ತದೆ.

ಇಡೀ ಪುಟವೇ ಒರಟಾಗಿ, ಮಂಜು ಮುಸುಕಿದಂತೆ ಇದ್ದರೆ ಅದು ಗೆರೆಯ ವಿಷಯವಲ್ಲ, ಬಿಟ್‌ಮ್ಯಾಪ್ ಫಾಂಟ್. ‘ಪಿಡಿಎಫ್‌ಫಾಂಟ್ಸ್’ ಎಂಬ ಆದೇಶಕ್ಕೆ ಕಡತದ ಹೆಸರು ಕೊಟ್ಟರೆ ಒಳಗಿನ ಫಾಂಟ್‌ಗಳ ಪಟ್ಟಿ ಬರುತ್ತದೆ. ಅದರ ಎರಡನೇ ಅಂಕಣದಲ್ಲಿ ಬಗೆ ಇದೆ. ಟೈಪ್ 1, ಟ್ರೂಟೈಪ್, ಸಿಐಡಿ ಎಂದಿದ್ದರೆ ಅಕ್ಷರದ ಹೊರರೇಖೆ ಇದೆ, ಯಾವ ಅಳತೆಗೂ ಹಿಗ್ಗುತ್ತದೆ. ಲೇಟೆಕ್‌ನ ಕಡತದಲ್ಲಿ ಟೈಪ್ 3 ಎಂದು ಬಂದು ಹೆಸರಿನ ಜಾಗ ಖಾಲಿಯಿದ್ದರೆ ಸಾಮಾನ್ಯವಾಗಿ ಅವು ಚುಕ್ಕೆಗಳ ಚಿತ್ರಗಳು, 600ಕ್ಕೆ ಬಿಡಿಸಿದ್ದು. ಹಳೆಯ ಅಕ್ರೊಬ್ಯಾಟ್ ರೀಡರ್‌ಗಳು ಇವನ್ನು ತೀರಾ ಕೆಟ್ಟದಾಗಿ ತೋರಿಸುತ್ತಿದ್ದವು, ಈಗಿನವು ವಾಸಿ, ಆದರೂ ಹೊರರೇಖೆಯ ಫಾಂಟ್‌ನ ನಯ ಬಾರದು. ಈಗಲೂ ಇದು ಹೇಗೆ ನುಸುಳುತ್ತದೆ ಎಂದರೆ, ಟಿ1 ಎಂಬ ಫಾಂಟ್ ಎನ್‌ಕೋಡಿಂಗ್ (ಅಕ್ಷರಗಳ ಸ್ಥಾನಪಟ್ಟಿ) ಹಾಕಿ ಅದಕ್ಕೆ ಬೇಕಾದ ಹೊರರೇಖೆ ಫಾಂಟ್ ಸ್ಥಾಪಿಸದೇ ಇದ್ದಾಗ. ಲೇಟೆಕ್ ದೂರು ಹೇಳದೆ ಟೆಕ್‌ನ ಫಾಂಟ್ ತಯಾರಿಸುವ ಮೆಟಾಫಾಂಟ್‌ನಿಂದ ಬಿಟ್‌ಮ್ಯಾಪ್ ಮಾಡಿಕೊಂಡು ಮುಂದೆ ಹೋಗುತ್ತದೆ. ಸಿಎಂ-ಸೂಪರ್ ಪ್ಯಾಕೇಜ್ ಸ್ಥಾಪಿಸಿ, ಇಲ್ಲವೇ ಕಡತದ ಮೊದಲಲ್ಲಿ ಲ್ಯಾಟಿನ್ ಮಾಡರ್ನ್ ಪ್ಯಾಕೇಜ್ ಸೇರಿಸಿ, ಮತ್ತೆ ಓಡಿಸಿ, ಮತ್ತೆ ಪಿಡಿಎಫ್‌ಫಾಂಟ್ಸ್ ನೋಡಿ. ಪ್ರಬಂಧವನ್ನು ಪತ್ರಿಕೆಗೆ ಕಳಿಸುವವರು ಕಳಿಸುವ ಹಿಂದಿನ ದಿನ ಇಷ್ಟು ಮಾಡಿದರೆ ಫಾಂಟ್ ಸರಿಯಿಲ್ಲ ಎಂದು ಕಡತ ವಾಪಸ್ ಬರುವುದು ತಪ್ಪುತ್ತದೆ. ಅದೇ ಪಟ್ಟಿಯಲ್ಲಿ ಫಾಂಟ್ ಅಡಕವಾಗಿದೆಯೇ ಎಂಬ ಅಂಕಣವೂ ಇದೆ. ಅಲ್ಲಿ ಇಲ್ಲ ಎಂದಿದ್ದರೆ ಓದುಗರ ಕಂಪ್ಯೂಟರ್‌ನಲ್ಲಿ ಯಾವ ಫಾಂಟ್ ಸಿಕ್ಕಿತೋ ಅದರ ಚಿಹ್ನೆ ಕಾಣುತ್ತದೆ.

ದೊಡ್ಡ ಆವರಣಗಳ ಸೀಳು

ನಾಲ್ಕೈದು ಸಾಲಿನ ಮಾತೃಕೆಗೆ ಹಾಕಿದ ಆವರಣ ಒಂದೇ ಅಕ್ಷರವಲ್ಲ. ಮೇಲಿನ ಬಾಗು, ಕೆಳಗಿನ ಬಾಗು, ನಡುವೆ ಬೇಕಾದಷ್ಟು ಸಲ ಜೋಡಿಸಿದ ನೇರ ತುಂಡು. ಪುಷ್ಪಾವರಣಕ್ಕೆ ನಡುವಿನ ಮೂಗು ಬೇರೆ. ಯುನಿಕೋಡ್‌ನಲ್ಲೂ ಈ ತುಂಡುಗಳಿಗೆ ಪ್ರತ್ಯೇಕ ಸ್ಥಾನಗಳಿವೆ: ⎛ ⎜ ⎝. ತುಂಡುಗಳು ಒಂದಕ್ಕೊಂದು ಅಂಚಿಗೆ ಅಂಚು ತಾಗಿ ನಿಲ್ಲುತ್ತವೆ, ಪರದೆಯಲ್ಲಿ ಆ ಅಂಚುಗಳಲ್ಲಿ ಬಿಳಿ ಸೀಳು ಕಾಣುತ್ತದೆ.

ಇದರ ಲೆಕ್ಕ ಸೊಗಸಾಗಿದೆ. ಅಂಚು ಒಂದು ಪಿಕ್ಸೆಲ್‌ನ ನಟ್ಟನಡುವೆ ಬಿತ್ತು ಎನ್ನಿ. ಮೇಲಿನ ತುಂಡು ಆ ಪಿಕ್ಸೆಲ್‌ನ ಅರ್ಧ ಮುಚ್ಚುತ್ತದೆ, ತಂತ್ರಾಂಶ ಅದನ್ನು 50% ಕಪ್ಪು ಮಾಡುತ್ತದೆ. ಕೆಳಗಿನ ತುಂಡು ಉಳಿದ ಅರ್ಧ ಮುಚ್ಚುತ್ತದೆ. ಎರಡೂ ಸೇರಿ ಪೂರ್ತಿ ಕಪ್ಪಾಗಬೇಕಿತ್ತು. ಆದರೆ ಯಾವ ಅರ್ಧ ಮುಚ್ಚಿತ್ತು ಎಂಬುದನ್ನು ತಂತ್ರಾಂಶ ನೆನಪಿಡುವುದಿಲ್ಲ, ಅದಕ್ಕೆ ಗೊತ್ತಿರುವುದು 50% ಎಂಬ ಅಂಕಿ ಮಾತ್ರ. ಹಾಗಾಗಿ ಉಳಿದ ಬಿಳುಪಿನ ಅರ್ಧವನ್ನಷ್ಟೇ ಕಪ್ಪು ಮಾಡುತ್ತದೆ. ಫಲ 75%. ಸುತ್ತಲೂ ಪೂರ್ತಿ ಕಪ್ಪಿರುವಾಗ ಈ 25% ಬಿಳುಪು ಒಂದು ಸೀಳಾಗಿ ಕಣ್ಣಿಗೆ ಚುಚ್ಚುತ್ತದೆ. ತುಂಡುಗಳು ಒಂದರ ಮೇಲೊಂದು ಸ್ವಲ್ಪ ಹತ್ತಿ ಕೂತರೆ ಸೀಳು ಬಾರದು. ಗಣಿತಕ್ಕೆಂದು ಮಾಡಿದ ಓಪನ್‌ಟೈಪ್ ಫಾಂಟ್‌ಗಳಲ್ಲಿ ‘ಮ್ಯಾಥ್’ ಎಂಬ ಕೋಷ್ಟಕವಿದ್ದು, ತುಂಡುಗಳು ಕನಿಷ್ಠ ಎಷ್ಟು ಹತ್ತಿ ಕೂರಬೇಕು ಎಂಬ ಅಳತೆ ಅದರಲ್ಲೇ ಬರೆದಿರುತ್ತದೆ. ಲ್ಯಾಟಿನ್ ಮಾಡರ್ನ್ ಮ್ಯಾಥ್, ಸ್ಟಿಕ್ಸ್ ಟೂ ಮ್ಯಾಥ್ ಅಂಥವು. ಓಪನ್‌ಟೈಪ್ ಫಾಂಟ್ ಬಳಸಬಲ್ಲ ಲೇಟೆಕ್ ರೂಪಗಳಾದ ಲುವಾಲೇಟೆಕ್ ಅಥವಾ ಝೀಲೇಟೆಕ್‌ನಲ್ಲಿ ಯುನಿಕೋಡ್-ಮ್ಯಾಥ್ ಪ್ಯಾಕೇಜ್ ಮೂಲಕ ಇವನ್ನು ಹಾಕಿಕೊಳ್ಳಬಹುದು.

ಈ ಕೋಷ್ಟಕವನ್ನು ತಂದದ್ದು ಮೈಕ್ರೋಸಾಫ್ಟ್, ಆಫೀಸ್ 2007ರ ಕೇಂಬ್ರಿಯಾ ಮ್ಯಾಥ್ ಜೊತೆಗೆ. ವರ್ಡ್‌ನಲ್ಲಿ ಆ ಫಾಂಟನ್ನು ಸಾಮಾನ್ಯ ಪಠ್ಯಕ್ಕೆ ಹಾಕಿದರೆ ಸಾಲುಗಳ ನಡುವೆ ವಿಪರೀತ ಅಂತರ ಬರುತ್ತದೆ. ಎತ್ತರದ ಚಿಹ್ನೆಗಳಿಗೆಂದು ಅದರ ಮೇಲಳತೆ-ಕೆಳಳತೆಗಳನ್ನು ಬಹಳ ದೊಡ್ಡದಾಗಿ ಇಟ್ಟಿರುವುದೇ ಕಾರಣ. ಆ ಪಠ್ಯಕ್ಕೆ ಬರೀ ಕೇಂಬ್ರಿಯಾ ಹಾಕಿದರೆ ಸರಿಹೋಗುತ್ತದೆ.

ಬ್ರೌಸರ್‌ನಲ್ಲಿ

ವೆಬ್‌ ಪುಟದಲ್ಲಿ ಸಮೀಕರಣ ಬಿಡಿಸುವ ಮ್ಯಾಥ್‌ಜಾಕ್ಸ್, ಕೇಟೆಕ್ ಬಳಸುವಾಗ ಗೆರೆಗಳನ್ನು ಹಲವೆಡೆ ಸಿಎಸ್‌ಎಸ್‌ನ (ಪುಟದ ರೂಪ ಹೇಳುವ ಭಾಷೆಯ) ಬಾರ್ಡರ್ ಆಗಿ ಬಿಡಿಸುತ್ತಾರೆ. ಬಾರ್ಡರ್ ದಪ್ಪಕ್ಕೆ ಬ್ರೌಸರ್‌ನ ನಿಯಮ ಹೀಗಿದೆ: ಸೊನ್ನೆಗಿಂತ ಹೆಚ್ಚಿದ್ದು ಪರದೆಯ ಒಂದು ಪಿಕ್ಸೆಲ್‌ಗಿಂತ ಕಡಿಮೆಯಿದ್ದರೆ 1 ಮಾಡು, ಅದಕ್ಕಿಂತ ಹೆಚ್ಚಿದ್ದರೆ ಕೆಳಗಿನ ಪೂರ್ಣಾಂಕಕ್ಕೆ ಇಳಿಸು. 1.4 ಪಿಕ್ಸೆಲ್‌ನ ಗೆರೆ 1 ಆಗುತ್ತದೆ, 1.9 ಕೂಡ 1 ಆಗುತ್ತದೆ. ಪಕ್ಕದ ಕೊಕ್ಕೆ ಅಕ್ಷರವಾದ್ದರಿಂದ 1.4ರಂತೆಯೇ ಉಳಿಯುತ್ತದೆ. ಪಿಡಿಎಫ್‌ನ ಕಥೆಯೇ ಬೇರೆ ವೇಷದಲ್ಲಿ. ಮ್ಯಾಥ್‌ಜಾಕ್ಸ್‌ನ ಹಳೆಯ 2ನೇ ಸರಣಿಯ ಕೆಲವು ಆವೃತ್ತಿಗಳಲ್ಲಿ ಪ್ರತಿ ಸಮೀಕರಣದ ಬಲತುದಿಗೆ ಬೇಡದ ಒಂದು ಲಂಬಗೆರೆ ಕ್ರೋಮ್‌ನಲ್ಲಿ ಕಾಣಿಸಿಕೊಂಡದ್ದಕ್ಕೂ ಈ ನಿಯಮವೇ ಕಾರಣ. ಎತ್ತರ ಕಾಯಲು ಇಟ್ಟ ಕಣ್ಣಿಗೆ ಕಾಣದ ಬಾರ್ಡರ್ 1 ಪಿಕ್ಸೆಲ್‌ಗೆ ಏರಿಬಿಟ್ಟಿತ್ತು. ಈಗಲೂ ಅಂಥ ಗೆರೆ ಕಂಡರೆ ಆವೃತ್ತಿ ಏರಿಸುವುದೊಂದೇ ಸರಿಯಾದ ದಾರಿ.

ಕೇಟೆಕ್ ವರ್ಗಮೂಲವನ್ನು ಬಿಡಿಸುವ ರೀತಿ ನನಗೆ ಬಹಳ ಮೆಚ್ಚುಗೆ. ಅದು ಕೊಕ್ಕೆ ಮತ್ತು ಮೇಲ್ಗೆರೆ ಎರಡನ್ನೂ ಎಸ್‌ವಿಜಿಯ ಒಂದೇ ಆಕೃತಿಯಾಗಿ ಬರೆದಿಟ್ಟಿದೆ. ಗೆರೆಯ ಉದ್ದ 400 ಎಂ (ಒಂದು ಎಂ ಎಂದರೆ ಫಾಂಟ್‌ನ ಅಳತೆಯಷ್ಟು), ಅಂದರೆ ಯಾವ ಸಮೀಕರಣಕ್ಕೂ ಸಾಕಾಗಿ ಮಿಗುವಷ್ಟು. ಬೇಕಾದ ಅಗಲಕ್ಕೆ ಸರಿಯಾಗಿ ಉಳಿದ ಬಾಲವನ್ನು ಮರೆಮಾಡುತ್ತದೆ. ಒಂದೇ ಆಕೃತಿಯಾದ್ದರಿಂದ ಕೂಡುವ ಜಾಗವೇ ಇಲ್ಲ, ಮೆಟ್ಟಿಲೂ ಇಲ್ಲ. ಭಿನ್ನರಾಶಿಯ ಗೆರೆ ಮಾತ್ರ ಅಲ್ಲೂ ಬಾರ್ಡರ್: ದಪ್ಪ 0.04 ಎಂ. ಪಠ್ಯ 16 ಪಿಕ್ಸೆಲ್ ಇದ್ದರೆ ಕೇಟೆಕ್ ಅದನ್ನು 1.21 ಪಟ್ಟು ಹಿಗ್ಗಿಸುವುದರಿಂದ ಗೆರೆ 0.77 ಪಿಕ್ಸೆಲ್. ಇದು ಮಾಯವಾಗದಿರಲೆಂದು ಅದರ ಸ್ಟೈಲ್‌ಶೀಟ್‌ನಲ್ಲಿ ಕನಿಷ್ಠ ಎತ್ತರ 1 ಪಿಕ್ಸೆಲ್ ಎಂಬ ಸಾಲಿದೆ. ನಿಮ್ಮ ತಾಣದಲ್ಲಿ ಗೆರೆ ಕಾಣದಿದ್ದರೆ ಅಥವಾ ತಿಳಿ ಬೂದಾಗಿ ಕಂಡರೆ, ಬ್ರೌಸರ್‌ನ ಇನ್‌ಸ್ಪೆಕ್ಟರ್ ತೆರೆದು ಆ ಗೆರೆಯ ಮೇಲೆ ನಿಮ್ಮ ತಾಣದ ಯಾವ ನಿಯಮ ಹತ್ತಿ ಕೂತಿದೆ ನೋಡಿ. ಎಲ್ಲ ಅಂಶಗಳ ಬಾರ್ಡರ್ ಬಣ್ಣವನ್ನೂ ಒಟ್ಟಿಗೆ ಬದಲಿಸುವ ಸಿಎಸ್‌ಎಸ್ ಚೌಕಟ್ಟುಗಳಿವೆ, ಅವು ಭಿನ್ನರಾಶಿಯನ್ನೂ ಬಿಡುವುದಿಲ್ಲ. ಕೇಟೆಕ್‌ನೊಳಗಿನ ಬಾರ್ಡರ್ ಬಣ್ಣ ಅಕ್ಷರದ ಬಣ್ಣವೇ ಇರಲಿ ಎಂದು ಒಂದು ಸಾಲು ಸೇರಿಸಿದರೆ ಮುಗಿಯಿತು. ಹೊಸ ಆವೃತ್ತಿಗಳಲ್ಲಿ ಆ ಸಾಲು ಆಗಲೇ ಇದೆ.

ಚಿಹ್ನೆಗಳ ಬದಲು ಖಾಲಿ ಚೌಕ ಬಂದರೆ, ಅನುಕಲ ಚಿಹ್ನೆ ಅಕ್ಷರದಷ್ಟೇ ಗಿಡ್ಡವಾಗಿ ಕೂತರೆ, ಫಾಂಟ್ ಕಡತ ಬ್ರೌಸರ್‌ಗೆ ತಲುಪಿಲ್ಲ. ಇನ್‌ಸ್ಪೆಕ್ಟರ್‌ನ ನೆಟ್‌ವರ್ಕ್ ಪಟ್ಟಿಯಲ್ಲಿ ಫಾಂಟ್ ಎಂದು ಸೋಸಿ ನೋಡಿ. 404 ಇದ್ದರೆ ದಾರಿ ತಪ್ಪಿದೆ. ಬೇರೆ ಸರ್ವರ್‌ನಿಂದ ತರಿಸುತ್ತಿದ್ದು ತಡೆಯಲ್ಪಟ್ಟಿದ್ದರೆ, ಆ ಸರ್ವರ್ ಬೇರೆ ತಾಣಗಳಿಗೆ ಅನುಮತಿ ಕೊಡುವ ಹೆಡರ್ ಕಳಿಸುತ್ತಿಲ್ಲ. ಫಾಂಟ್‌ಗಳನ್ನು ನಿಮ್ಮ ತಾಣದಲ್ಲೇ ಇಟ್ಟುಕೊಳ್ಳುವುದು ಎಲ್ಲಕ್ಕಿಂತ ನೆಮ್ಮದಿ. 2023ರ ಜನವರಿಯಲ್ಲಿ ಕ್ರೋಮ್‌ನ 109ನೇ ಆವೃತ್ತಿಯೊಂದಿಗೆ ಮ್ಯಾಥ್‌ಎಂಎಲ್, ಅಂದರೆ ಸಮೀಕರಣವನ್ನು ಬ್ರೌಸರ್ ತಾನೇ ಬಿಡಿಸುವಂತೆ ಬರೆಯುವ ಭಾಷೆ, ಅಲ್ಲಿಗೂ ಬಂತು, ಫೈರ್‌ಫಾಕ್ಸ್‌ನಲ್ಲಿ ಬಹಳ ಹಿಂದಿನಿಂದ ಇದೆ. ಇದನ್ನು ಬಳಸುವಾಗಲೂ ‘ಮ್ಯಾಥ್’ ಕೋಷ್ಟಕವಿರುವ ಫಾಂಟ್ ಹೇಳದಿದ್ದರೆ ಆವರಣಗಳು ಸರಿಯಾಗಿ ಹಿಗ್ಗುವುದಿಲ್ಲ.

ಸಮೀಕರಣದೊಳಗೆ ಕನ್ನಡ

ಕನ್ನಡದಲ್ಲಿ ಗಣಿತ, ವಿಜ್ಞಾನ ಬರೆಯುವವರಿಗೆ ಇನ್ನೊಂದು ದೋಷ ಎದುರಾಗುತ್ತದೆ. ವೇಗ ಸಮ ದೂರ ಭಾಗಿಸು ಕಾಲ ಎಂದು ಪದಗಳಲ್ಲೇ ಭಿನ್ನರಾಶಿ ಬರೆದರೆ ತೊಂದರೆಯಿಲ್ಲ. ಅಂಶದ ಜಾಗದಲ್ಲಿ ‘ಒಟ್ಟು ಮೊತ್ತ’ ಎಂದು ಬರೆದು ನೋಡಿ. ಟ, ತ ಒತ್ತುಗಳು ಕೆಳಗಿನ ಗೆರೆಗೆ ತಾಗುತ್ತವೆ, ಕೆಲವೊಮ್ಮೆ ಗೆರೆಯನ್ನೇ ದಾಟಿ ಛೇದದೊಳಗೆ ಇಳಿಯುತ್ತವೆ. ವರ್ಗಮೂಲದೊಳಗೆ ‘ವಿಸ್ತೀರ್ಣ’ ಎಂದು ಬರೆದರೆ ಗುಡಿಸು ಮೇಲ್ಗೆರೆಯನ್ನು ಮುಟ್ಟಬಹುದು.

ಪಿಕ್ಸೆಲ್‌ಗಳನ್ನು ಇದಕ್ಕೆ ದೂರುವಂತಿಲ್ಲ, ಅಳತೆಯೇ ತಪ್ಪಿದೆ. ಕೇಟೆಕ್ ಪ್ರತಿ ಅಕ್ಷರದ ಎತ್ತರ-ಆಳಗಳನ್ನು ತನ್ನೊಳಗಿನ ಪಟ್ಟಿಯಿಂದ ಓದುತ್ತದೆ. ಕನ್ನಡ ಅಕ್ಷರಗಳು ಆ ಪಟ್ಟಿಯಲ್ಲಿಲ್ಲ. ಆಗ ಅದು ಇಂಗ್ಲಿಷ್‌ನ ದೊಡ್ಡಕ್ಷರ M ಅಳತೆಯನ್ನೇ ಎರವಲು ಪಡೆಯುತ್ತದೆ: ಎತ್ತರ 0.683 ಎಂ, ಆಳ ಸೊನ್ನೆ. ಅಡಿಗೆರೆಯ ಕೆಳಗೆ ಇಳಿಯುವುದೇ ಒತ್ತಿನ ಸ್ವಭಾವವಾದ್ದರಿಂದ ಸೊನ್ನೆ ಆಳದ ಲೆಕ್ಕದಲ್ಲಿ ಅದಕ್ಕೆ ಜಾಗ ಸಿಗುವುದೇ ಇಲ್ಲ. ಮ್ಯಾಥ್‌ಜಾಕ್ಸ್ ಅಗಲವನ್ನು ಬ್ರೌಸರ್‌ನಿಂದ ಅಳೆದು ತಿಳಿಯುತ್ತದೆ, ಎತ್ತರ ಮತ್ತು ಆಳಕ್ಕೆ ಒಂದು ನಿಗದಿತ ಅಂದಾಜು ಹಿಡಿಯುತ್ತದೆ. ಆ ಅಂದಾಜಿಗೂ ಕನ್ನಡದ ಒತ್ತು ನಿಲುಕುವುದಿಲ್ಲ.

ಸದ್ಯಕ್ಕೆ ಮಾಡಬಹುದಾದದ್ದು ಇಷ್ಟು. ಕನ್ನಡ ಪದವನ್ನು ಯಾವಾಗಲೂ ಟೆಕ್ಸ್ಟ್ ಆದೇಶದೊಳಗೇ ಇಡಿ. ಬರಿದೇ ಬರೆದರೆ ಪ್ರತಿ ಅಕ್ಷರವನ್ನೂ ಬೇರೆ ಬೇರೆ ಚಲಾಕ್ಷರ ಎಂದುಕೊಂಡು ಒತ್ತುಗಳು ಕಳಚಿ ಬೀಳುತ್ತವೆ. ಪದದ ಪಕ್ಕದಲ್ಲಿ ರೂಲ್ ಆದೇಶದಿಂದ ಅಗಲ ಸೊನ್ನೆ, ಎತ್ತರ 0.5 ಎಂ, ಏರಿಸುವ ಅಳತೆ ಮೈನಸ್ 0.5 ಎಂ ಇರುವ ಒಂದು ಕಾಣದ ಕಂಬ ನೆಡಿ. ಅಗಲ ಸೊನ್ನೆಯಾದ್ದರಿಂದ ಕಣ್ಣಿಗೆ ಬೀಳದು, ಆದರೆ ಅಡಿಗೆರೆಯ ಕೆಳಗೆ ಅರ್ಧ ಎಂ ಜಾಗ ಕಾಯ್ದಿರಿಸುತ್ತದೆ, ಗೆರೆ ಅಷ್ಟು ಕೆಳಗೆ ಸರಿಯುತ್ತದೆ. ಒತ್ತಿನ ಉದ್ದ ಫಾಂಟ್‌ನಿಂದ ಫಾಂಟ್‌ಗೆ ಬೇರೆ, ಆದ್ದರಿಂದ 0.5ರಿಂದ ಶುರುಮಾಡಿ ಕಣ್ಣಳತೆಯಲ್ಲಿ ಹೆಚ್ಚು ಕಡಿಮೆ ಮಾಡಿಕೊಳ್ಳಿ. ವರ್ಗಮೂಲದೊಳಗಾದರೆ ಏರಿಸುವ ಅಳತೆ ಬಿಟ್ಟು ಎತ್ತರ 0.9 ಎಂ ಕೊಡಿ. ಮ್ಯಾಥ್‌ಸ್ಟ್ರಟ್ ಎಂಬ ಸಿದ್ಧ ಆದೇಶ ಇಲ್ಲಿ ಸಾಲದು, ಅದರ ಆಳ ಸಾಮಾನ್ಯ ಆವರಣ ಚಿಹ್ನೆಯಷ್ಟೇ, ಕಾಲು ಎಂ. ಇದರ ಜೊತೆಗೆ, ಭಾರತೀಯ ಲಿಪಿಗಳಿಗೆ ಕೇಟೆಕ್ ‘ಬ್ರಾಹ್ಮಿಕ್ ಫಾಲ್‌ಬ್ಯಾಕ್’ ಎಂಬ ಕ್ಲಾಸ್ ಹಚ್ಚುತ್ತದೆ, ಎರಡು ಪದಗಳ ನಡುವೆ ಅಡಿಗೀಟು. ಸ್ಟೈಲ್‌ಶೀಟ್‌ನಲ್ಲಿ ಆ ಕ್ಲಾಸಿಗೆ ನೋಟೊ ಸಾನ್ಸ್ ಕನ್ನಡದಂಥ ಫಾಂಟ್ ಗೊತ್ತುಮಾಡಿದರೆ ಒಂದೊಂದು ಕಂಪ್ಯೂಟರ್‌ನಲ್ಲಿ ಒಂದೊಂದು ರೂಪ ಬರುವುದು ನಿಲ್ಲುತ್ತದೆ, ನೀವು ಕಣ್ಣಳತೆಯಲ್ಲಿ ಹೊಂದಿಸಿದ ಕಂಬವೂ ಎಲ್ಲ ಕಡೆ ಸರಿಹೊಂದುತ್ತದೆ.

ಪಿಡಿಎಫ್ ಮಾಡುವವರಿಗೆ ಈ ಪಾಡಿಲ್ಲ. ಝೀಲೇಟೆಕ್ ಅಕ್ಷರದ ನಿಜವಾದ ಅಳತೆಯನ್ನು ಫಾಂಟ್‌ನಿಂದಲೇ ಓದುತ್ತದೆ. ಲುವಾಲೇಟೆಕ್ ಆದರೆ ಫಾಂಟ್ ಹೇಳುವಾಗ ರೆಂಡರರ್ ಹಾರ್ಫ್‌ಬಝ್ (ಅಕ್ಷರ ಜೋಡಿಸುವ ತಂತ್ರಾಂಶ) ಎಂದು ಸೇರಿಸುವುದು ಒಳ್ಳೆಯದು, ಇಲ್ಲದಿದ್ದರೆ ಒತ್ತು ಸರಿಯಾಗಿ ಕೂಡದಿರಬಹುದು. ವೆಬ್‌ನಲ್ಲೂ ಪ್ರತಿ ಪದಕ್ಕೆ ಕಂಬ ನೆಡುವ ಕೆಲಸ ಬರಹಗಾರರದ್ದಾಗಬಾರದು. ಕೇಟೆಕ್ ಮತ್ತು ಮ್ಯಾಥ್‌ಜಾಕ್ಸ್ ಎರಡೂ ಮುಕ್ತ ತಂತ್ರಾಂಶಗಳು, ದೋಷ ವರದಿ ಮಾಡಲು ಯಾರೂ ಬರಬಹುದು. ವರದಿ ಬರೆಯುವವರು ‘ಕನ್ನಡ ಸರಿ ಕಾಣುತ್ತಿಲ್ಲ’ ಎಂದಷ್ಟೇ ಹೇಳದೆ, ಒಂದೇ ಒಂದು ಭಿನ್ನರಾಶಿ, ಅದರಲ್ಲಿ ‘ಒಟ್ಟು’ ಎಂಬ ಒಂದೇ ಪದ, ತಂತ್ರಾಂಶದ ಆವೃತ್ತಿ, ಬ್ರೌಸರ್‌ನ ಹೆಸರು ಮತ್ತು ಆವೃತ್ತಿ, ಕನ್ನಡ ಫಾಂಟ್‌ನ ಹೆಸರು, ಝೂಮ್ ಮತ್ತು ಡಿಸ್‌ಪ್ಲೇ ಸ್ಕೇಲಿಂಗ್ ಎಷ್ಟು ಎಂಬುದು, 400% ಝೂಮ್‌ನಲ್ಲಿ ತೆಗೆದ ಚಿತ್ರ ಇಷ್ಟನ್ನೂ ಜೊತೆಗಿಡಿ. 400%ರಲ್ಲೂ ಒತ್ತು ಗೆರೆಯನ್ನು ಅಷ್ಟೇ ಪಾಲು ದಾಟಿದ್ದರೆ ಇದು ಪಿಕ್ಸೆಲ್‌ನ ವಿಷಯವಲ್ಲ ಎಂದು ಕನ್ನಡ ಓದಲು ಬಾರದವರಿಗೂ ಚಿತ್ರ ನೋಡಿದ ಕೂಡಲೇ ಗೊತ್ತಾಗುತ್ತದೆ.